ಪರ್ಸೋನಾ ಕ್ಯೂ, ಕ್ಯೂ2, ಎಟ್ರಿಯನ್ ಒಡಿಸ್ಸಿ 4: ಸರ್ವೆಯವನೊಬ್ಬ ಆಡಿ ನೋಡಿದ್ದು

ಹಗಲು ನನ್ನ ಕೆಲಸ ಹೊಲ ಅಳೆಯುವುದು. ಪರವಾನಗಿ ಭೂಮಾಪಕ ನಾನು. ಕೊಪ್ಪಳ, ಕುಕನೂರು, ಯಲಬುರ್ಗಾ ಕಡೆ ಪೋಡಿ, ಹದ್ದುಬಸ್ತು, 11ಇ ಸ್ಕೆಚ್ಚು ಅಂತ ಜಮೀನಿನ ಅಳತೆ ಕೆಲಸಕ್ಕೆ ಬಿಸಿಲಲ್ಲಿ ತಿರುಗುತ್ತೇನೆ. ರಾತ್ರಿ ಊಟ ಮುಗಿಸಿ ಕೂತು ಮತ್ತೆ ನಕ್ಷೆಯನ್ನೇ ಬರೆಯುತ್ತೇನೆ ಅಂದರೆ ಮನೆಯಲ್ಲಿ ನಗುತ್ತಾರೆ. ನಗಲಿ. ಹೊಲದ ನಕ್ಷೆಗೆ ಅಣ್ಣತಮ್ಮಂದಿರ ಜಗಳ ಅಂಟಿಕೊಂಡಿರುತ್ತದೆ, ಬಾಂದುಕಲ್ಲು ರಾತ್ರೋರಾತ್ರಿ ನಾಲ್ಕು ಹೆಜ್ಜೆ ಸರಿದಿರುತ್ತದೆ. ಆಟದ ನಕ್ಷೆಯಲ್ಲಿ ಗೋಡೆ ಇದ್ದಲ್ಲೇ ಇರುತ್ತದೆ.

ನಿಂಟೆಂಡೊ 3ಡಿಎಸ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಎರಡು ಪರದೆ. ನಾನಿಲ್ಲಿ ಹೋಲಿಸಿ ನೋಡುವ ಪರ್ಸೋನಾ ಕ್ಯೂ, ಕ್ಯೂ2, ಎಟ್ರಿಯನ್ ಒಡಿಸ್ಸಿ 4 ಮೂರೂ ಅಟ್ಲಸ್ ಕಂಪನಿಯ ಡಂಜನ್ ಆಟಗಳು, ಅಂದರೆ ಸುತ್ತುಬಳಸು ಓಣಿಗಳಲ್ಲಿ ಶತ್ರುಗಳೊಡನೆ ಕಾದಾಡುತ್ತ ದಾರಿ ಹುಡುಕುವ ಆಟಗಳು. ಇವುಗಳಲ್ಲಿ ಮೇಲಿನ ಪರದೆಯಲ್ಲಿ ನಾವು ನಡೆಯುವ ಓಣಿ ಕಣ್ಣೆದುರು ಕಾಣುತ್ತದೆ, ಕೆಳಗಿನದರಲ್ಲಿ ಖಾಲಿ ಚೌಕಳಿ ಹಾಳೆ. ಒಂದೊಂದು ಹೆಜ್ಜೆ ಇಟ್ಟಂತೆ ಗೋಡೆ, ಬಾಗಿಲು, ಪೆಟ್ಟಿಗೆ, ಒಳದಾರಿ ಎಲ್ಲವನ್ನೂ ಸ್ಟೈಲಸ್ ಎಂಬ ಕಡ್ಡಿಯಿಂದ ನಾವೇ ಗುರುತು ಮಾಡಿಕೊಳ್ಳಬೇಕು. 33 ಅಡಿಗೆ 33 ಅಡಿ ಅಂದರೆ ಒಂದು ಗುಂಟೆ, 40 ಗುಂಟೆಗೆ ಎಕರೆ ಎಂದು ಕೈ ಪಳಗಿದವನಿಗೆ ಆ ಚೌಕಗಳನ್ನು ನೋಡಿದಾಗ ತವರಿಗೆ ಬಂದ ಹಾಗಾಯಿತು.

ಯಂತ್ರ ಹಳೆಯದು, ಸೆಕೆಂಡ್ ಹ್ಯಾಂಡ್. ನಿಂಟೆಂಡೊ ಇದನ್ನು ತಯಾರಿಸುವುದನ್ನೇ 2020ರಲ್ಲಿ ನಿಲ್ಲಿಸಿತು. 2023ರ ಮಾರ್ಚ್‌ನಲ್ಲಿ ಅದರ ಆನ್‌ಲೈನ್ ಅಂಗಡಿಯೂ ಮುಚ್ಚಿತು. ಹಾಗಾಗಿ ಈಗ ಆಟ ಬೇಕೆಂದರೆ ಯಂತ್ರಕ್ಕೆ ಸಿಕ್ಕಿಸುವ ಕಾರ್ಟ್ರಿಜ್ಜೇ ಹುಡುಕಬೇಕು. ನಾನು ಮೊದಲು ಕೊಂಡ ಕಾರ್ಟ್ರಿಜ್ ಯುರೋಪಿನದು, ಯಂತ್ರ ಅಮೆರಿಕದ್ದು. ಹಾಕಿದರೆ ಓಡಲೇ ಇಲ್ಲ. 3ಡಿಎಸ್‌ಗೆ ಪ್ರದೇಶದ ಬೀಗ ಇರುತ್ತದೆ ಅನ್ನುವುದನ್ನು ಮಾರಿದವನು ಬಾಯಿ ಬಿಟ್ಟು ಹೇಳಲಿಲ್ಲ, ಆಮೇಲೆ ಫೋನನ್ನೂ ಎತ್ತಲಿಲ್ಲ. ಕೊಳ್ಳುವ ಮುಂಚೆ ಎರಡೂ ಒಂದೇ ಸೀಮೆಯವೇ ಅಂತ ಕೇಳಿಕೊಳ್ಳಿ.

ಮೂರರಲ್ಲಿ ಹಿರಿಯ ಎಟ್ರಿಯನ್ ಒಡಿಸ್ಸಿ 4. ಜಪಾನಿನಲ್ಲಿ 2012, ಅಮೆರಿಕದಲ್ಲಿ 2013. ಎರಡೂ ಕ್ಯೂಗಳಲ್ಲಿ ಬೇರೆ ಬೇರೆ ಆಟಗಳ ಪಾತ್ರಗಳು ಒಂದೆಡೆ ಸೇರುತ್ತವೆ, ಇದರಲ್ಲಿ ಅಂಥ ನೆಂಟರು ಯಾರೂ ಇಲ್ಲ. ಆದರೂ ಹೋಲಿಕೆಗೆ ಇದನ್ನು ಎಳೆದು ತಂದದ್ದು ಯಾಕೆಂದರೆ ಪರ್ಸೋನಾ ಕ್ಯೂ ನಿಂತಿರುವುದೇ ಈ ಮನೆತನದ ಅಡಿಪಾಯದ ಮೇಲೆ. ನಕ್ಷೆ ಬರೆಯುವ ಪದ್ಧತಿ, ಐದು ಜನರನ್ನು ಮುಂದಿನ ಸಾಲು ಹಿಂದಿನ ಸಾಲು ಎಂದು ನಿಲ್ಲಿಸುವುದು, ಓಣಿಯಲ್ಲಿ ಅಡ್ಡಾಡುವ ಎಫ್‌ಓಇ ಎಂಬ ದೊಡ್ಡ ಮೃಗಗಳು, ಎಲ್ಲ ಅಲ್ಲಿಂದಲೇ ಬಂದವು. ಮೊದಲ ಎಟ್ರಿಯನ್ ಬಂದದ್ದು 2007ರಲ್ಲಿ, ನಿಂಟೆಂಡೊ ಡಿಎಸ್ ಮೇಲೆ.

ಇಲ್ಲಿ ನಮ್ಮ ತಂಡದ ಪಾತ್ರಗಳಿಗೆ ಹೆಸರೂ ಇಲ್ಲ, ಮಾತೂ ಇಲ್ಲ. ನೀವೇ ಐದು ಜನರನ್ನು ಮಾಡಿ ಹೆಸರಿಡಬೇಕು. ನಾನು ನಮ್ಮ ಜಿಲ್ಲೆಯ ತಾಲೂಕುಗಳ ಹೆಸರಿಟ್ಟೆ. ಕುಷ್ಟಗಿ ಗುರಾಣಿ ಹಿಡಿದು ಮುಂದೆ ನಿಂತ, ಯಲಬುರ್ಗಾ ಕತ್ತಿಯವ, ಕಾರಟಗಿ ಬಿಲ್ಲುಗಾರ, ಕುಕನೂರು ವೈದ್ಯೆ. ಕನಕಗಿರಿ ಮಾತ್ರ ಹೆಸರಿನ ಜಾಗದಲ್ಲಿ ಹಿಡಿಸಲಿಲ್ಲ, ಕನಕ ಅಂತ ಮೊಟಕು ಮಾಡಿ ಮಂತ್ರಗಾರನನ್ನಾಗಿ ಮಾಡಿದೆ. ಎರಡು ವಾರ ಕಳೆಯುವಷ್ಟರಲ್ಲಿ ಕುಕನೂರು ಬಿದ್ದರೆ ನನಗೆ ನಿಜವಾಗಲೂ ಸಂಕಟ ಆಗುತ್ತಿತ್ತು. ತಂಡದವರಿಗೆ ಬರೆದುಕೊಟ್ಟ ಕಥೆ ಇಲ್ಲದ ಆಟದಲ್ಲಿ ಈ ಸಂಕಟ ಎಲ್ಲಿಂದ ಬಂತೋ ತಿಳಿಯದು.

ಒಂದು ಪ್ರಸಂಗ ಹೇಳುತ್ತೇನೆ. ಮೊದಲ ಕಾಡಿನಲ್ಲಿ ಕರಡಿಗಳಿವೆ. ದಾರಿಗೆ ಅಡ್ಡ ಬಿದ್ದ ಮರದ ತಡೆಯನ್ನು ನಮ್ಮ ಕೈಯಿಂದ ಸರಿಸಲು ಆಗದು, ಕರಡಿ ನಮ್ಮನ್ನು ಅಟ್ಟಿಸಿಕೊಂಡು ಬರುವಂತೆ ಮಾಡಿ ಅದರ ಪಂಜದಿಂದಲೇ ಒಡೆಸಬೇಕು. ನಾವು ಒಂದು ಹೆಜ್ಜೆ ಇಟ್ಟರೆ ಅದೂ ಒಂದು ಹೆಜ್ಜೆ ಇಡುತ್ತದೆ. ನಿಂತರೆ ನಿಲ್ಲುತ್ತದೆ. ಬಳ್ಳಾರಿಗೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ ಕೂತು ಗಿಣಿಗೇರಾ ದಾಟಿದ ಮೇಲೆ ಲೆಕ್ಕ ಶುರು ಮಾಡಿದೆ. ಬಲಕ್ಕೆ ಎರಡು, ಹಿಂದಕ್ಕೆ ಒಂದು, ಎಡಕ್ಕೆ ಮೂರು. ಮುನಿರಾಬಾದಿನಲ್ಲಿ ಶೇಂಗಾ ಮಾರುವವನ ಬುಟ್ಟಿ ಮೊಳಕೈಗೆ ತಾಗಿ, ಎಡಕ್ಕೆ ಇಡಬೇಕಾದ ಹೆಜ್ಜೆ ಮುಂದಕ್ಕೆ ಬಿತ್ತು. ಕರಡಿ ಎದುರಿಗೇ ಬಂತು. ಕುಷ್ಟಗಿ ಒಂದೇ ಏಟಿಗೆ ಮಲಗಿದ, ತೋರಣಗಲ್ಲು ಬರುವ ಎಷ್ಟೋ ಮೊದಲೇ ಐವರೂ ಮುಗಿದಿದ್ದರು. ಆದರೆ ಸತ್ತ ಮೇಲೆ ಆಟ ಒಂದು ಮಾತು ಕೇಳುತ್ತದೆ: ನಕ್ಷೆ ಉಳಿಸಿಕೊಳ್ಳಲೇ? ಗಳಿಸಿದ್ದೆಲ್ಲ ಹೋದರೂ ಬರೆದ ಗೋಡೆಗಳು ಉಳಿಯುತ್ತವೆ. ಈ ಒಂದು ನಿಯಮಕ್ಕಾಗಿ ಈ ಆಟದ ಮೇಲೆ ನನಗೆ ಗೌರವ. ಕಷ್ಟ ಅನ್ನಿಸಿದರೆ ಕ್ಯಾಶುವಲ್ ಎಂಬ ಸುಲಭದ ದಾರಿಯೂ ಇದೆ, ನಾಚಿಕೊಳ್ಳಬೇಕಾಗಿಲ್ಲ. ಯುಜೊ ಕೊಶಿರೊ ಅವರ ಸಂಗೀತ ಇಯರ್‌ಫೋನ್ ಹಾಕಿಯೇ ಕೇಳಿ, ಗಾಡಿಯ ಸದ್ದಿನಲ್ಲಿ ಕೇಳಿ ಕೆಡಿಸಿಕೊಳ್ಳಬೇಡಿ.

ಇನ್ನು ಪರ್ಸೋನಾ ಕ್ಯೂ. 2014ರದು. ಪರ್ಸೋನಾ 3, ಪರ್ಸೋನಾ 4 ಎಂಬ ಎರಡು ಬೇರೆ ಆಟಗಳ ಹುಡುಗ ಹುಡುಗಿಯರು ಒಂದು ಶಾಲೆಯ ಹಬ್ಬದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಹೊರಗೆ ಹೋಗಲು ದಾರಿಯಿಲ್ಲ, ಶಾಲೆಯೊಳಗೆ ಡಂಜನ್‌ಗಳು ಹುಟ್ಟಿಕೊಂಡಿವೆ. ಮೂರರ ಕಡೆಯಿಂದ 9 ಜನ, ನಾಲ್ಕರ ಕಡೆಯಿಂದ 7 ಜನ ಯುದ್ಧಕ್ಕೆ ಇಳಿಯುತ್ತಾರೆ. ಅವರಲ್ಲಿ ಒಂದು ನಾಯಿಯೂ ಉಂಟು. ಜೊತೆಗೆ ಝೆನ್, ರೇ ಎಂಬ ಇಬ್ಬರು ಹೊಸಬರು. ರೇ ಮಾತಾಡುವುದಕ್ಕಿಂತ ತಿನ್ನುವುದೇ ಹೆಚ್ಚು. ಶುರುವಿನಲ್ಲೇ ಯಾವ ಮನೆಯ ನಾಯಕನ ಕಣ್ಣಿಂದ ನೋಡುತ್ತೀರಿ ಎಂದು ಆಯ್ಕೆ ಕೊಡುತ್ತಾರೆ. ಆ ಆಯ್ಕೆಗೆ ತಕ್ಕಂತೆ ಮಾತುಕತೆಯೂ ಬದಲಾಗುತ್ತದೆ.

ಎರಡು ಮನೆತನ ಸೇರಿದರೆ ಬೀಗರ ಮಾತಿನ ಹಾಗಿರುತ್ತದೆ. ಮೊದಲು ಬಿಗಿ, ಆಮೇಲೆ ಚಹಾ, ಆಮೇಲೆ ಕೀಟಲೆ. ಪರ್ಸೋನಾ ಕ್ಯೂ ಆ ಬೀಗತನವನ್ನು ಚೆನ್ನಾಗಿ ಹಿಡಿದಿದೆ. ಎರಡನೇ ಡಂಜನ್ನಿನಲ್ಲಿ ಪ್ರಶ್ನೆಗಳು ಬರುತ್ತವೆ, ನಿಮ್ಮ ಉತ್ತರ ನೋಡಿ ಕೊನೆಗೆ ಒಬ್ಬರನ್ನು ವಿಧಿ ಬರೆದ ಜೋಡಿ ಎಂದು ನಿಲ್ಲಿಸಿ ತಮಾಷೆಯ ಮದುವೆ ಮಾಡಿಸುತ್ತಾರೆ. ನನಗೆ ಬಂದದ್ದು ಚಿಯೆ. ಮಾಂಸ ಅಂದರೆ ಪ್ರಾಣ ಬಿಡುವ, ಒದೆ ಕೊಡುವುದರಲ್ಲಿ ಎತ್ತಿದ ಕೈ ಹುಡುಗಿ. ಮೊಟ್ಟೆಯೂ ಬಾರದ ನಮ್ಮ ಮನೆಯಲ್ಲಿ ಇದನ್ನು ಹೇಳಿದಾಗ ಅಕ್ಕ, 'ಸೊಸಿ ಛಲೋ ಸಿಕ್ಕಾಳ ಬಿಡು, ಅಡಿಗಿ ಮನಿ ಬ್ಯಾರೆ ಕಟ್ಟಿಸಬೇಕಾಕ್ಕತಿ' ಅಂದಳು.

ಆಟದ ಹದ ಕೂಡ ಇಲ್ಲೇ ಸರಿ ಕೂತಿದೆ. ಪರ್ಸೋನಾ ಅಂದರೆ ಪಾತ್ರದ ಮನಸ್ಸಿನೊಳಗಿಂದ ಎದ್ದು ಬಂದು ಹೋರಾಡುವ ಶಕ್ತಿರೂಪ. ಪ್ರತಿಯೊಬ್ಬರಿಗೂ ಅವರ ಸ್ವಂತ ಪರ್ಸೋನಾ ಜೊತೆಗೆ ಇನ್ನೊಂದನ್ನು ತೊಡಿಸಬಹುದು. ಅದು ಕೊಡುವ ಹೆಚ್ಚುವರಿ ಶಕ್ತಿ ಪ್ರತಿ ಕಾಳಗ ಮುಗಿದಂತೆ ಮತ್ತೆ ತುಂಬಿಕೊಳ್ಳುತ್ತದೆ. ಶತ್ರುವಿನ ದುರ್ಬಲ ಜಾಗಕ್ಕೆ ಹೊಡೆದರೆ ಮುಂದಿನ ಸರದಿಯಲ್ಲಿ ಮಂತ್ರ ಪುಕ್ಕಟೆ. ಇವೆರಡನ್ನೂ ಕೂಡಿಸಿ ಆಡಿದರೆ ಊರಿಗೆ ವಾಪಸು ಹೋಗುವ ಗೊಡವೆಯಿಲ್ಲದೆ ಗಂಟೆಗಟ್ಟಲೆ ಒಳಗೇ ನಡೆಯಬಹುದು. ಎಟ್ರಿಯನ್ನಿನಲ್ಲಿ ನಾನು ಔಷಧಿ ಎಣಿಸಿ ಎಣಿಸಿ ಹೆಜ್ಜೆ ಇಡುತ್ತಿದ್ದೆ, ಇಲ್ಲಿ ಆ ಜಿಪುಣತನ ಬೇಕಾಗಲಿಲ್ಲ.

ಪ್ರತಿ ಮಹಡಿಯಲ್ಲಿ ಒಂದು ಬೀಗದ ಪೆಟ್ಟಿಗೆ. ಆ ಮಹಡಿಯ ನೆಲವನ್ನೆಲ್ಲ ಒಂದು ಚೌಕವೂ ಬಿಡದೆ ತುಳಿದರೆ ಮಾತ್ರ ತೆರೆಯುತ್ತದೆ. ಇನ್ನೊಂದು ಅಡ್ಡದಾರಿಯೂ ಇದೆ. 3ಡಿಎಸ್ ಜೇಬಿನಲ್ಲಿಟ್ಟು ನಡೆದರೆ 100 ಹೆಜ್ಜೆಗೆ ಒಂದು ನಾಣ್ಯ, ದಿನಕ್ಕೆ 10ರ ತನಕ. ಆ ನಾಣ್ಯ ಕೊಟ್ಟೂ ಪೆಟ್ಟಿಗೆ ತೆರೆಸಬಹುದು. ಎರೆಹೊಲದಲ್ಲಿ ಅಳತೆಗೆ ಇಳಿದರೆ ನನ್ನ 10 ನಾಣ್ಯ ಮೊದಲ ಬದು ಮುಗಿಯುವಷ್ಟರಲ್ಲೇ ಆಗಿಬಿಡುತ್ತವೆ. ಆದರೂ ಒಂದು ಸಲವೂ ಖರ್ಚು ಮಾಡಲಿಲ್ಲ. ಅಳೆಯದೆ ಸಹಿ ಹಾಕಿದಂತೆ ಅದು.

ದೋಷ ಇಲ್ಲ ಅಂತಲ್ಲ. ಪರ್ಸೋನಾ 4ರ ನವೊಟೊ ಎಂಬ ಹುಡುಗಿ ತಂಡಕ್ಕೆ ಸೇರಿದ ಮೇಲೆ ಅವಳ ಒಂದೇ ಏಟಿನ ಸಾವಿನ ಮಂತ್ರಗಳು ಎಷ್ಟು ಸಲ ತಗಲುತ್ತವೆ ಅಂದರೆ, ಸಾಧಾರಣ ಕಾಳಗಗಳಲ್ಲಿ ಉಳಿದ ನಾಲ್ವರು ಕೈಕಟ್ಟಿ ನಿಲ್ಲಬಹುದು. ನಾನು ಬೇಕೆಂದೇ ಅವಳನ್ನು ಹೊರಗೆ ಕೂಡಿಸಿದೆ. ಹೊರಗೆ ಕೂತವರ ಲೆವೆಲ್ ಹಿಂದೆ ಬೀಳುತ್ತದೆ, ಅದೂ ಒಂದು ಕಿರಿಕಿರಿ. ಅಳಿಯನಿಗೆ ಇದು ಗೊತ್ತಾದಾಗ, 'ಗೆಲ್ಲಾಕ ಕೊಟ್ಟದ್ದನ್ನ ಬಿಟ್ಟು ಸೋಲಾಕ ಹೊಂಟಿ ನೋಡು ಮಾಮಾ' ಅಂದ.

ಅಳಿಯ ಅಂದರೆ ಅಕ್ಕನ ಮಗ. ಬಳ್ಳಾರಿ ಕೌಲ್‌ಬಜಾರಿನ ಕಡೆ ಅವರ ಮನೆ. ಮೂರನೆಯ ಆಟ ಅವನದು. ಪರ್ಸೋನಾ ಕ್ಯೂ2, ಜಪಾನಿನಲ್ಲಿ 2018ರ ನವೆಂಬರ್, ಉಳಿದ ಕಡೆ 2019ರ ಜೂನ್. 3ಡಿಎಸ್‌ನ ಕೊನೆಗಾಲದ ಆಟ. ಅವನಿಗೆ ಪರ್ಸೋನಾ 5ರ ಹುಚ್ಚು, ಆ ಆಟದ ನಾಯಕರಾದ ಕಳ್ಳರ ತಂಡವೇ ಇದರಲ್ಲಿ ಮುಂದಾಳು. ಹಳೆಯ ಎರಡೂ ಮನೆತನ ಮತ್ತೆ ಬರುತ್ತವೆ. ಸಾಲದ್ದಕ್ಕೆ ಸೋನಿಯ ಪಿಎಸ್‌ಪಿ ಯಂತ್ರಕ್ಕೆ ಬಂದಿದ್ದ ಪರ್ಸೋನಾ 3 ಪೋರ್ಟಬಲ್‌ನಲ್ಲಿದ್ದ ನಾಯಕಿಯೂ ಬರುತ್ತಾಳೆ. ಯುದ್ಧಕ್ಕೆ ಇಳಿಯುವವರೇ 25, ದಾರಿ ಹೇಳುವ ಮೂವರನ್ನು ಕೂಡಿಸಿದರೆ 28.

ಆ ನಾಯಕಿಯನ್ನು ಕರೆತಂದದ್ದಕ್ಕೆ ಒಂದು ನಮಸ್ಕಾರ. ಉಳಿದವರಿಗೆ ಗೆಳೆಯರಿದ್ದಾರೆ. ಇವಳಿಗೆ ಎದುರಿಗಿರುವ ಗೆಳೆಯರ ಮುಖ ಗೊತ್ತು, ಅವರಿಗೆ ಇವಳ ಗುರುತಿಲ್ಲ, ಯಾಕೆಂದರೆ ಅವರ ಜಗತ್ತಿನಲ್ಲಿ ನಾಯಕನಾಗಿ ಇನ್ನೊಬ್ಬ ಹುಡುಗನಿದ್ದಾನೆ. ಕ್ಯೂ2ರಲ್ಲಿ ನನ್ನ ಮನಸ್ಸಿಗೆ ತಾಗಿದ್ದು ಅದೊಂದೇ ಎಳೆ.

ಡಂಜನ್‌ಗಳು ಸಿನಿಮಾಗಳು. ಥಿಯೇಟರಿನಲ್ಲಿ ಸಿಕ್ಕಿಕೊಂಡವರು ಪರದೆಯೊಳಗೆ ಇಳಿದು ಕಥೆಯನ್ನೇ ತಿದ್ದಬೇಕು. ಒಂದು ಸೂಪರ್‌ಹೀರೊ ಚಿತ್ರ, ಒಂದು ಡೈನೊಸಾರ್ ಚಿತ್ರ, ಒಂದು ರೋಬೋಗಳದು. ಕಣ್ಣಿಗೆ ಕ್ಯೂ2 ಮೂರರಲ್ಲೂ ಚೆಂದ. ಆದರೆ ಮಾತು, ಮಾತು, ಮಾತು. ಬಾಗಿಲು ಕಂಡರೆ ಒಬ್ಬ ಬಾಗಿಲು ಅನ್ನುತ್ತಾನೆ, ಇನ್ನೊಬ್ಬಳು ಹೌದು ಬಾಗಿಲೇ ಅನ್ನುತ್ತಾಳೆ, ಮೂರನೆಯವನಿಗೆ ಅದರ ಹಿಂದೆ ತಿನ್ನಲು ಏನಿದೆಯೋ ಅನ್ನುವ ಚಿಂತೆ. ಎಲ್ಲರಿಗೂ ಒಂದೊಂದು ಸಾಲು ಹಂಚಲೇಬೇಕೆಂಬ ಮುಲಾಜು. ಮೊದಲ ಕ್ಯೂನಲ್ಲಿ ದನಿ ಇಂಗ್ಲಿಷಿನದು. ಇದರಲ್ಲಿ ಜಪಾನಿ ದನಿ ಮಾತ್ರ, ಅಡಿಯಲ್ಲಿ ಇಂಗ್ಲಿಷ್ ಅಕ್ಷರ. ಅಳಿಯ ಅದನ್ನು ಓದುತ್ತ ನನಗಾಗಿ ಬಳ್ಳಾರಿ ಕನ್ನಡಕ್ಕೆ ತರುತ್ತಿದ್ದ. ನಿಜ ಹೇಳಬೇಕೆಂದರೆ ಅವನ ಅನುವಾದ ಮೂಲಕ್ಕಿಂತ ಚಿಕ್ಕದಾಗಿಯೂ ಚೊಕ್ಕದಾಗಿಯೂ ಇತ್ತು.

'ಗವಿಮಠದ ಜಾತ್ರಿ ಆಗೈತಲ್ಲೋ ಇದು. ಯಾರ್ ಎಲ್ಲಿ ಅದಾರ ಹುಡುಕೂದ ಕೆಲಸ' ಅಂದೆ.

'ಜಾತ್ರಿಗೆ ಮತ್ಯಾಕ ಹೋಗ್ತಾರ ಮಾಮಾ? ಮಂದಿ ನೋಡಾಕ' ಅಂದ.

ಇದಕ್ಕೆ ನನ್ನ ಹತ್ತಿರ ಜವಾಬಿರಲಿಲ್ಲ. ಪರ್ಸೋನಾ 5 ಆಡಿ ಆ ಕಳ್ಳರನ್ನು ಮನೆಮಂದಿಯಂತೆ ಹಚ್ಚಿಕೊಂಡವನಿಗೆ ಆ ಹರಟೆಯೇ ಪ್ರಸಾದ. ನನಗೆ ಐದು ಜನರ ತಂಡದ ಆಟಕ್ಕೆ 25 ಜನ ಹೊರೆ. ಯಾರನ್ನು ಬೆಳೆಸಬೇಕು ಅನ್ನುವ ಚಿಂತೆಯಲ್ಲೇ ಮೊದಲ ವಾರ ಕಳೆದು, ಕೊನೆಗೆ ಐವರನ್ನು ಗಟ್ಟಿ ಹಿಡಿದು ಉಳಿದವರನ್ನು ಕಣ್ಣೆತ್ತಿ ನೋಡಲಿಲ್ಲ. ಆ ಒಂದೇ ಏಟಿನ ಮಂತ್ರಗಳ ಹಾವಳಿ ಇದರಲ್ಲಿ ಇಲ್ಲ, ಕಾಳಗದ ತೂಕ ಹೆಚ್ಚು ಸಮ. ಅದನ್ನು ಒಪ್ಪಬೇಕು.

ಕೊಳ್ಳುವವರಿಗೆ ಹೇಳುವುದಾದರೆ, ನಕ್ಷೆಯ ರುಚಿ ಬೇಕಾದವರು ಎಟ್ರಿಯನ್ 4 ತೆಗೆದುಕೊಳ್ಳಿ. ಪರ್ಸೋನಾ 3 ಅಥವಾ 4, ಒಂದನ್ನಾದರೂ ಆಡಿದ್ದರೆ ಯೋಚನೆಯಿಲ್ಲದೆ ಕ್ಯೂ. ನನ್ನ ಯಂತ್ರದಲ್ಲಿ ಈಗಲೂ ಕೂತಿರುವುದು ಅದೇ. ಕ್ಯೂ2 ಅನ್ನು ಪರ್ಸೋನಾ 5 ಆಡದವರು ದುಡ್ಡು ಕೊಟ್ಟು ಕೊಳ್ಳುವುದು ಬೇಡ, ನನ್ನಂತೆ ಅಳಿಯನಿಂದ ಕಸಿದುಕೊಳ್ಳಿ. ಮೊದಲ ಮೂರು ಎಟ್ರಿಯನ್‌ಗಳು 2023ರಲ್ಲಿ ನಿಂಟೆಂಡೊ ಸ್ವಿಚ್ ಯಂತ್ರಕ್ಕೂ ಕಂಪ್ಯೂಟರಿಗೂ ಹೊಸ ಬಣ್ಣ ಬಳಿದುಕೊಂಡು ಬಂದಿವೆ. ಲ್ಯಾಪ್‌ಟಾಪಿನಲ್ಲಿ ಮೌಸ್ ಹಿಡಿದು ಗೋಡೆ ಎಳೆದು ನೋಡಿದೆ, ಆಫೀಸಿನ ಕೆಲಸ ಮನೆಗೆ ತಂದಂತಾಯಿತು. ಬಿಟ್ಟೆ.

ಕಡ್ಡಿ ಕಳೆದುಹೋದರೆ ಗಾಬರಿ ಬೇಡ. 3ಡಿಎಸ್ ಪರದೆ ಒತ್ತಿದರೆ ಕೆಲಸ ಮಾಡುವ ಜಾತಿಯದು, ಫೋನಿನಂಥದ್ದಲ್ಲ. ಉಗುರೂ ಸಾಕು. ನನ್ನದು ಕುಕನೂರಿನ ಒಂದು ಬದುವಿನಲ್ಲಿ ಬಿದ್ದುಹೋಯಿತು. ಆಮೇಲಿಂದ ಮುಚ್ಚಳ ಹಾಕಿದ ಬಾಲ್‌ಪೆನ್ನಿನ ಹಿಂದಿನ ತುದಿಯಲ್ಲೇ ಬರೆಯುತ್ತಿದ್ದೇನೆ. ಯಂತ್ರ ಕೊಳ್ಳುವುದಾದರೆ 3ಡಿಎಸ್ ಎಕ್ಸ್‌ಎಲ್ ಎಂಬ ದೊಡ್ಡದನ್ನೇ ಕೊಳ್ಳಿ. ಹಳೆಯ 3ಡಿಎಸ್‌ನ ಕೆಳಪರದೆ 3 ಇಂಚಿಗೆ ಚೂರು ಹೆಚ್ಚು, ಎಕ್ಸ್‌ಎಲ್‌ನದು 4ಕ್ಕೂ ಮಿಕ್ಕಿ. ಚಾಳೀಸು ಬಂದ ಕಣ್ಣಿಗೆ ಆ ಒಂದು ಇಂಚು ದೊಡ್ಡದು.

ಹೋದ ವಾರ ಬಳ್ಳಾರಿಗೆ ಹೋದಾಗ ಅಳಿಯನ ಕ್ಯೂ2 ನಕ್ಷೆ ತೆಗೆದು ನೋಡಿದೆ. ನೆಲಕ್ಕೆ ಬಣ್ಣ ಬಿಟ್ಟರೆ ಗುರುತಿಲ್ಲ, ಬಾಗಿಲಿಲ್ಲ, ಗೋಡೆಗಳು ಅರ್ಧಂಬರ್ಧ. ಹೊಲದ್ದಾಗಿದ್ದರೆ ಮೊದಲ ನೋಟಕ್ಕೇ ವಾಪಸು ಬರುತ್ತಿತ್ತು. ಅವನು ಚಹಾ ತರಲು ಒಳಗೆ ಹೋದಾಗ ಸುಮ್ಮನೆ ತಿದ್ದುತ್ತ ಕೂತೆ. ಮೂಲೆಯ ಒಂದು ಚೌಕದಲ್ಲಿ ಟಿಪ್ಪಣಿಯ ಗುರುತು ಕಂಡಿತು. ಒತ್ತಿದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದ: 'ಮಾಮಾ ಮುಟ್ಟಬ್ಯಾಡ'.