ಸುಮ್ಮನಿರುವ ದಿನ: ಕಲಬುರಗಿಯ ಮನೆಯಲ್ಲೋ, ಬೀದರಿನಲ್ಲೋ?

ಯಾವ ಕೆಲಸವನ್ನೂ ಮಾಡದೆ ಸುಮ್ಮನಿರಲೆಂದೇ ಒಂದು ದಿನವನ್ನು ಮೀಸಲಿಡಬಯಸುವ ಕಲಬುರಗಿಯವರು ಮನೆಯಲ್ಲೇ ಉಳಿಯಬಹುದು, ಇಲ್ಲವೇ ಸುಮಾರು 110 ಕಿಲೋಮೀಟರ್ ದೂರದ ಬೀದರಿಗೆ ಹೋಗಿ ತಂಗಬಹುದು.

ಮನೆಯಲ್ಲಿದ್ದರೆ ಖರ್ಚಿಲ್ಲ, ಪ್ರಯಾಣದ ದಣಿವೂ ಇಲ್ಲ. ಆದರೆ ತೊಳೆಯದ ಬಟ್ಟೆ, ಗಿರಣಿಗೆ ಒಯ್ಯಬೇಕಾದ ಜೋಳ, ಬಾಗಿಲು ತಟ್ಟುವ ನೆಂಟರು ಇವೆಲ್ಲ ಸೇರಿ ಸಂಜೆಯೊಳಗೆ ಅರ್ಧ ದಿನವನ್ನಾದರೂ ತಿಂದುಹಾಕುತ್ತವೆ. ಅದರಲ್ಲೂ ಮನೆಯ ಹೆಂಗಸರಿಗೆ ಭಾನುವಾರವೆಂದರೆ ಬಡಿಯಬೇಕಾದ ರೊಟ್ಟಿಗಳ ಸಂಖ್ಯೆ ಹೆಚ್ಚುವ ದಿನವಷ್ಟೇ.

ಬೀದರ್ ಎತ್ತರದಲ್ಲಿರುವುದರಿಂದ, 40 ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಗಿಂತ ಅಲ್ಲಿಯ ಬಿಸಿಲು ತುಸು ಸಹ್ಯ. 2017ರಲ್ಲಿ ಆರಂಭವಾದ ರೈಲು ಮಾರ್ಗವೂ ಇದೆ. ತೊಡಕೆಂದರೆ, ಹೋದವರು ಬಹಮನಿ ಕೋಟೆ, ಮಹಮೂದ್ ಗವಾನನ ಮದರಸಾ, ಅಷ್ಟೂರಿನ ಗುಂಬಜ್‌ಗಳು, ನರಸಿಂಹ ಝರಣಿ ಎಂದು ಪಟ್ಟಿ ಹಿಡಿದು ಓಡಾಡತೊಡಗುತ್ತಾರೆ. ಅದು ಪ್ರವಾಸವೇ ಹೊರತು ಸುಮ್ಮನಿರುವುದಲ್ಲ.

ಒಂದೇ ದಿನದ ಬಿಡುವಿದ್ದವರಿಗೆ ನಾನು ಮನೆಯನ್ನೇ ಸೂಚಿಸುತ್ತೇನೆ, ಆದರೆ ಜೋಳವನ್ನು ಹಿಂದಿನ ದಿನವೇ ಬೀಸಿಸಿ, ಊಟಕ್ಕೆ ಖಾನಾವಳಿಯಿಂದ ರೊಟ್ಟಿ ತರಿಸಿ, ಮೊಬೈಲನ್ನು ಬಂದ್ ಮಾಡಿಡಬೇಕೆಂಬ ಷರತ್ತಿನ ಮೇಲೆ. ಎರಡು ದಿನಗಳಿದ್ದರೆ ಬೀದರ್ ಮೇಲು: ಕೋಟೆಯನ್ನು ಮೊದಲ ದಿನವೇ ನೋಡಿ ಮುಗಿಸಿದರೆ, ಮರುದಿನ ತಂಗಿದ ಕೋಣೆಯಿಂದ ಏಳಲು ಕಾರಣವೇ ಇರುವುದಿಲ್ಲ.