ಬಿಲ್ ರಿಯಾಯಿತಿಯೋ, ಮನೆ ಸುಧಾರಣೆಗೆ ಸಹಾಯಧನವೋ?

ಕರೆಂಟ್ ಬಿಲ್ ಏರಿದಾಗ ಸರ್ಕಾರದ ನೆರವು ಹೆಚ್ಚಾಗಿ ಎರಡು ರೀತಿ ಸಿಗುತ್ತದೆ. ಒಂದು, ಬಿಲ್ಲಿನಲ್ಲೇ ರಿಯಾಯಿತಿ. ಬ್ರಿಟನ್ 2022ರ ಅಕ್ಟೋಬರ್‌ನಿಂದ ಆರು ತಿಂಗಳು ಪ್ರತಿ ಮನೆಗೆ ಒಟ್ಟು 400 ಪೌಂಡ್ ಹೀಗೇ ಕೊಟ್ಟಿತು. ಬಹುತೇಕರು ಅರ್ಜಿಯನ್ನೂ ಹಾಕಬೇಕಿರಲಿಲ್ಲ. ಹಳೇ ಮಾದರಿಯ ಪ್ರೀಪೇಯ್ಡ್ ಮೀಟರ್ ಇದ್ದವರಿಗೆ ಮಾತ್ರ ವೋಚರ್ ಬಳಸುವ ಕೆಲಸ ಬಿತ್ತು. ಅವಧಿ ಮುಗಿಯಿತು, ನೆರವೂ ನಿಂತಿತು.

ಇನ್ನೊಂದು, ಸೋಲಾರ್, ಹೀಟ್ ಪಂಪ್ (ಹೊರಗಿನ ಶಾಖವನ್ನು ಒಳಗೆ ತಂದು ಮನೆ ಬೆಚ್ಚಗಿಡುವ ಯಂತ್ರ), ಛಾವಣಿಗೆ ಶಾಖ ತಡೆಯುವ ಪದರ ಹಾಕಿಸಲು ಸಹಾಯಧನ. ಲಾಭ ವರ್ಷಗಟ್ಟಲೆ. ಆದರೆ ಎಷ್ಟೋ ಯೋಜನೆಗಳಲ್ಲಿ ಒಂದಷ್ಟು ದುಡ್ಡು ನೀವೇ ಹಾಕಬೇಕು. ಬಾಡಿಗೆ ಮನೆಯಾದರೆ ಮಾಲೀಕರೂ ಒಪ್ಪಬೇಕು. ಈ ತಿಂಗಳ ಬಿಲ್ಲೇ ಕಟ್ಟಲಾಗದವರಿಗೆ ಇದು ದೂರದ ಮಾತು, ಅಲ್ವಾ? ಅವರು ಮೊದಲು ರಿಯಾಯಿತಿ ಹುಡುಕಲಿ. ಸ್ವಂತ ಮನೆ, ಸ್ವಲ್ಪ ಉಳಿತಾಯ ಇದ್ದವರಿಗೆ ಸಹಾಯಧನವೇ ಜಾಸ್ತಿ ಲಾಭ. ಅರ್ಜಿ ಮಂಜೂರಾಗುವ ಮುಂಚೆ ಕೆಲಸ ಶುರು ಮಾಡಬಹುದಾ ಅಂತ ಮಾತ್ರ ಕೇಳಿಕೊಳ್ಳಿ.