ಸ್ವಂತ ಕಾರಲ್ಲಿ ನೇಪಾಳವೋ, ಭೂತಾನೋ?

ಎರಡು ದೇಶಕ್ಕೂ ಭಾರತೀಯರಿಗೆ ವೀಸಾ ಬೇಡ. ರಸ್ತೆ ದಾಟಿ ಹೋಗುವವರಿಗೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಸಾಕು. ದಯವಿಟ್ಟು ಆಧಾರ್ ಒಂದನ್ನೇ ನಂಬಿ ಹೊರಡಬೇಡಿ. ಬೆಂಗಳೂರಿಂದ ಮೂರು ದಿನ ಗಾಡಿ ಓಡಿಸಿ, ಗಡಿಯಲ್ಲಿ ವಾಪಸ್ ಕಳಿಸಿದರೆ ಎಷ್ಟು ಸಂಕಟ ಅಲ್ವಾ?

ನೇಪಾಳ ಸಲೀಸು. ಉತ್ತರ ಪ್ರದೇಶದ ಸುನೌಲಿ ಗಡಿಯಲ್ಲಿ 'ಭನ್ಸಾರ್' ಅಂದರೆ ಕಸ್ಟಮ್ಸ್ ಕೌಂಟರ್ ಇದೆ. ಆರ್‌ಸಿ, ಲೈಸೆನ್ಸ್ ತೋರಿಸಿ, ಎಷ್ಟು ದಿನ ಇರ್ತೀರೋ ಅಷ್ಟಕ್ಕೆ ದುಡ್ಡು ಕಟ್ಟಿದರೆ ಚೀಟಿ ಕೊಡುತ್ತಾರೆ. ಅದನ್ನು ಡ್ಯಾಶ್‌ಬೋರ್ಡ್‌ನಲ್ಲೇ ಇಟ್ಟುಕೊಳ್ಳಿ, ದಾರಿಯಲ್ಲಿ ಪೊಲೀಸರು ಕೇಳುತ್ತಾರೆ. ಒಂದೆರಡು ದಿನ ಜಾಸ್ತಿಯೇ ಬರೆಸಿ. ಬೆಟ್ಟದ ರಸ್ತೆಯಲ್ಲಿ ಮಣ್ಣು ಕುಸಿದರೆ ಅರ್ಧ ದಿನ ಅಲ್ಲೇ ಕಳೆಯುತ್ತದೆ.

ಭೂತಾನ್‌ಗೆ ಪ್ರವೇಶ ಪರ್ಮಿಟ್ ಬೇಕು. ಜೊತೆಗೆ ದೊಡ್ಡವರಿಗೆ ತಲಾ ಒಂದು ರಾತ್ರಿಗೆ 1,200 ರೂಪಾಯಿ ಶುಲ್ಕ. ನಾಲ್ಕು ಜನ, ಐದು ರಾತ್ರಿ ಅಂದರೆ 24,000. ಊಟ, ರೂಮು ಬೇರೆ. ಭೂತಾನಿನ ಗಡಿ ಊರು ಫುಂಟ್‌ಶೋಲಿಂಗ್ ದಾಟಿಸಲು ನಿಮ್ಮ ಕಾರಿಗೂ ಪ್ರತ್ಯೇಕ ಪರ್ಮಿಟ್, ದಿನದ ತೆರಿಗೆ ಇದೆ.

ಎರಡೂ ಕಡೆ ನಮ್ಮ ಹಾಗೇ ಎಡಗಡೆ ಓಡಿಸಬೇಕು. ಆದರೆ ಭೂತಾನ್ ರಾಜಧಾನಿ ಥಿಂಪುವಿನಲ್ಲಿ ಟ್ರಾಫಿಕ್ ಸಿಗ್ನಲ್ಲೇ ಇಲ್ಲ. ಬಣ್ಣದ ಪುಟ್ಟ ಮಂಟಪದಲ್ಲಿ ಬಿಳಿ ಗ್ಲೌಸ್ ತೊಟ್ಟ ಪೊಲೀಸ್ ಕೈ ಆಡಿಸುತ್ತಾರೆ. ಅವರ ಕೈ ನೋಡಿಯೇ ಹೋಗಬೇಕು.

ಕಾರು ಓಡಿಸುವ ಖುಷಿಯೇ ಮುಖ್ಯವಾದರೆ ನೇಪಾಳಕ್ಕೆ ಹೋಗಿ. ಭೂತಾನೇ ಬೇಕು ಅಂದರೆ ಕಾರನ್ನು ಗಡಿಯ ಈಚೆಗಿನ ನಮ್ಮ ಊರು ಜೈಗಾಂವ್‌ನಲ್ಲಿ ಬಿಟ್ಟು, ಭೂತಾನಿನ ಟ್ಯಾಕ್ಸಿ ಹಿಡಿಯಿರಿ.